ಬಾಡಿಗೆ ಗೋದಾಮಿನಲ್ಲಿ 27 ತಿಂಗಳು ಇಟ್ಟ ಮನೆ ಸಾಮಾನು: ಬಳಸಿ ನೋಡಿದವರ ವಿಮರ್ಶೆ

ಬಸವನಗುಡಿಯ ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಲು ನಿಶ್ಚಯಿಸಿದಾಗ, ನಾವು ಎರಡು ಕೋಣೆಗಳ ಬಾಡಿಗೆ ಮನೆಗೆ ಹೋಗಬೇಕಾಯಿತು. ಅಲ್ಲಿ ಹಿಡಿಸದ ಸಾಮಾನನ್ನೆಲ್ಲ ತುಮಕೂರು ರಸ್ತೆಯ ಕಡೆಯ ಒಂದು ಖಾಸಗಿ ಗೋದಾಮಿನಲ್ಲಿ, ಇತ್ತೀಚೆಗೆ ಎಲ್ಲರೂ ಸೆಲ್ಫ್ ಸ್ಟೋರೇಜ್ ಎನ್ನುವ ವ್ಯವಸ್ಥೆಯಲ್ಲಿ, 2022ರ ಅಕ್ಟೋಬರ್ ನಡುವಿನಿಂದ 2025ರ ಜನವರಿ ನಡುವಿನವರೆಗೆ ಇರಿಸಿದ್ದೆವು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕೋಣೆ. ಶಟರಿಗೆ ನಮ್ಮದೇ ಬೀಗ, ಕೀಲಿಯೂ ನಮ್ಮ ಬಳಿಯೇ. ಬಳಸಲು ಆರಂಭಿಸಿ ಒಂದೆರಡು ವಾರಗಳಲ್ಲಿ ಬರೆದಿದ್ದರೆ ಈ ವಿಮರ್ಶೆಯಲ್ಲಿ ಹೊಗಳಿಕೆಯೇ ಹೆಚ್ಚಿರುತ್ತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಬರೆಯುತ್ತಿರುವುದರಿಂದ, ಬೆಂಗಳೂರಿನಲ್ಲಿ ಇಂಥ ಕೋಣೆಯೊಳಗಿನ ಸಾಮಾನಿಗೆ ಕಳ್ಳರಿಗಿಂತ ತೇವದ ಭಯವೇ ದೊಡ್ಡದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜಾಗ ಹುಡುಕಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳ ಮೊದಲ ವಾರದ ಮಳೆಗೆ ಬೆಳ್ಳಂದೂರು, ಮಹದೇವಪುರ, ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ಜಲಾವೃತವಾಗಿದ್ದವು. ನಾವು ನೋಡಿದ ಒಂದು ನೆಲಮಾಳಿಗೆಯ ಗೋದಾಮಿನಲ್ಲಿ ಹೊಸದಾಗಿ ಸುಣ್ಣ ಹೊಡೆದಿದ್ದರೂ, ಮೊಣಕಾಲೆತ್ತರದಲ್ಲಿ ನೀರು ನಿಂತ ಗೆರೆ ಕಾಣುತ್ತಲೇ ಇತ್ತು. ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ನೆಲಮಾಳಿಗೆ ಬೇಡವೆಂದು ಅಂದೇ ತೀರ್ಮಾನಿಸಿ ಮೊದಲ ಮಹಡಿಯ ಕೋಣೆ ಹಿಡಿದೆವು. ಜಾಗ ನೋಡಲು ಹೋಗುವವರು ಮಳೆ ಬರುವ ದಿನವೇ ಹೋಗಬೇಕು. ಬಿಸಿಲಿನಲ್ಲಿ ಎಲ್ಲ ಗೋದಾಮುಗಳೂ ಚೊಕ್ಕಟವಾಗಿಯೇ ಕಾಣುತ್ತವೆ.

ಮೊದಲ ತಪ್ಪು ಸಾಮಾನು ಕಟ್ಟುವ ಹಂತದಲ್ಲೇ ಆಯಿತು. ಸಾಗಣೆಯವರು ಎಲ್ಲ ಮರದ ಸಾಮಾನನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಮೂರು ಸುತ್ತು ಬಿಗಿಯಾಗಿ ಸುತ್ತಿಕೊಟ್ಟರು, ನಾವೂ ಅದನ್ನು ಅಚ್ಚುಕಟ್ಟುತನವೆಂದೇ ಭಾವಿಸಿದೆವು. ಆ ಹಾಳೆ ಇರಬೇಕಾದದ್ದು ಲಾರಿಯಲ್ಲಿ ಹೋಗುವ ಎರಡು ಗಂಟೆಯ ಮಟ್ಟಿಗೆ ಮಾತ್ರ. ಅದನ್ನು ಬಿಚ್ಚದೆ ಬಿಟ್ಟಿದ್ದರಿಂದ ಒಳಗೆ ಸಿಕ್ಕಿಕೊಂಡ ತೇವ ಹೊರಹೋಗಲು ದಾರಿಯಿಲ್ಲದೆ, ಬೀಟೆ ಮರದ ಮಂಚದ ಪಾಲಿಶ್ ಮೇಲೆ ಬಿಳಿಯ ಮಬ್ಬು ಕಟ್ಟಿತು, ಬೆತ್ತದ ಕುರ್ಚಿಗಳ ಹೆಣಿಗೆಯ ಸಂದಿಗಳಲ್ಲಿ ಬೂಷ್ಟು ಹಿಡಿಯಿತು. ಆಮೇಲೆ ಪ್ಲಾಸ್ಟಿಕ್ ತೆಗೆಸಿ ಹಳೆಯ ಹತ್ತಿ ಬೆಡ್‌ಶೀಟು ಮತ್ತು ಪಂಚೆಗಳನ್ನು ಹೊದಿಸಿದೆವು. ಧೂಳು ಸ್ವಲ್ಪ ಕೂರುತ್ತದೆ, ನಿಜ, ಆದರೆ ಧೂಳನ್ನು ಒರೆಸಬಹುದು. ಮಬ್ಬಾದ ಪಾಲಿಶನ್ನು ಮತ್ತೆ ಮಾಡಿಸಲು ಬಡಗಿಗೆ ಕೂಲಿ ಕೊಡಬೇಕು.

ನೂರೈವತ್ತು ರೂಪಾಯಿ ಮಿಗದ ಒಂದು ತೇವಮಾಪಕವನ್ನು ತಂದು ಗೋಡೆಗೆ ನೇತುಹಾಕಿದ್ದು ನಾವು ಮಾಡಿದ ಬುದ್ಧಿವಂತಿಕೆಯ ಕೆಲಸಗಳಲ್ಲೊಂದು. ಗಾಳಿಯ ತೇವಾಂಶ ಬಹುದಿನ ಶೇಕಡ 70ರ ಮೇಲೆ ನಿಂತರೆ ಬೂಷ್ಟಿಗೆ ಅನುಕೂಲವಾಗುತ್ತದೆ, ಮತ್ತು ಜುಲೈ ತಿಂಗಳಿನಲ್ಲಿ ನಮ್ಮ ಮಾಪಕ 80ರ ಆಸುಪಾಸಿನಲ್ಲೇ ಇರುತ್ತಿತ್ತು. ನೀರು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಕೋಣೆಯ ನಾಲ್ಕು ಮೂಲೆಗಳಲ್ಲಿ ಇಟ್ಟು ನೋಡಿದೆ. ಕೋಣೆಯ ತಗಡಿನ ಗೋಡೆಗಳು ಸೂರಿನವರೆಗೆ ಹೋಗದೆ ಮೇಲೆ ಬರಿಯ ಜಾಲರಿ ಇದ್ದುದರಿಂದ ಅದು ಇಡೀ ಗೋದಾಮಿನ ಗಾಳಿಯನ್ನು ಒಣಗಿಸಲು ಹೊರಟಂತಾಯಿತು, ಪ್ರಯೋಜನವಾಗಲಿಲ್ಲ. ಅದೇ ಡಬ್ಬಿಯನ್ನು ಬಾಗಿಲು ಮುಚ್ಚಿದ ಕಬ್ಬಿಣದ ಬೀರುವಿನೊಳಗೆ ಇಟ್ಟಾಗ ಪರಿಣಾಮ ಚೆನ್ನಾಗಿತ್ತು. ಆದರೆ ತುಂಬಿದ ಡಬ್ಬಿ ಮಗುಚಿದರೆ ಆ ಉಪ್ಪುನೀರು ಕಬ್ಬಿಣವನ್ನೂ ಬಟ್ಟೆಯನ್ನೂ ಕೆಡಿಸುತ್ತದೆ, ಆದ್ದರಿಂದ ಅದನ್ನು ಕೆಳತಟ್ಟೆಯಲ್ಲೇ, ಒಂದು ಬೋಗುಣಿಯೊಳಗೆ ಇಡಬೇಕು.

ನಮ್ಮ ತಾಯಿಯವರ ರೇಷ್ಮೆ ಸೀರೆಗಳನ್ನು ಗೋದಾಮಿಗೆ ಕಳುಹಿಸಲೇಬಾರದಿತ್ತು ಎಂಬುದು ಈಗಿನ ನನ್ನ ಅಭಿಪ್ರಾಯ. ರೇಷ್ಮೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಮಡಿಕೆಯ ಗೆರೆಯಲ್ಲೇ ಬಿರಿಯುತ್ತದೆ, ಆದ್ದರಿಂದ ಮೂರು ತಿಂಗಳಿಗೊಮ್ಮೆ ಹೋಗಿ ಮಡಿಕೆ ಬದಲಿಸಬೇಕಾಗುತ್ತಿತ್ತು. ನುಸಿಗುಳಿಗೆ ಜರಿಗೆ ತಾಗದಂತೆ ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಟ್ಟಿದ್ದೆವು. ಎರಡನೆಯ ವರ್ಷ ತಾಯಿಯವರೇ ಗುಳಿಗೆ ತೆಗೆಸಿ, ಬಜೆಯ ಬೇರಿನ ತುಂಡುಗಳನ್ನೂ ಒಣಗಿದ ಬೇವಿನ ಸೊಪ್ಪನ್ನೂ ಇಡಿಸಿದರು. ಹುಳು ಬೀಳಲಿಲ್ಲ.

ತಾಮ್ರ, ಹಿತ್ತಾಳೆ ಪಾತ್ರೆಗಳ ಕಥೆ ಬೇರೆ. ಒಳಗಿಡುವ ಮುನ್ನ ಶುದ್ಧವಾಗಿರಲಿ ಎಂದು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಮೇಲೆ ಮೇಲೆ ಒರೆಸಿ, ಅದೇ ಸಂಜೆ ಗೋಣಿಚೀಲಕ್ಕೆ ಹಾಕಿಸಿದೆ. ಹುಳಿಯ ಅಂಶವೂ ತೇವವೂ ಸಂದಿಯಲ್ಲಿ ಉಳಿದದ್ದರಿಂದ, ಏಳು ತಿಂಗಳ ನಂತರ ತೆಗೆದಾಗ ಹಂಡೆಯ ಕಂಠದ ಸುತ್ತ ಕಿಲುಬು ಹಸಿರಾಗಿ ಅಂಟಿಕೊಂಡಿತ್ತು. ಆದರೆ ಹಳೆಯ ಮನೆಯ ಅಟ್ಟದ ಮೇಲೆ ಮೂವತ್ತು ವರ್ಷ ಯಾರೂ ಮುಟ್ಟದೆ ಬಿದ್ದಿದ್ದ ಕೊಪ್ಪರಿಗೆಗೆ ಏನೂ ಆಗಿರಲಿಲ್ಲ! ಪಾತ್ರೆಗಳನ್ನು ಸಾಬೂನಿನಲ್ಲಿ ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿದರೆ ಸಾಕು.

ಫ್ರಿಜ್ಜನ್ನು ಎರಡು ದಿನ ಮೊದಲೇ ಆರಿಸಿ ಒಣಗಿಸಿ, ಬಾಗಿಲಿನ ಸಂದಿಯಲ್ಲಿ ಬಟ್ಟೆಯುಂಡೆ ಇಟ್ಟು ತೆರೆದಂತೆ ಕಟ್ಟಿಡಬೇಕು. ಮುಚ್ಚಿಟ್ಟರೆ ಬರುವ ನಾತ ಸೋಡಾ ಹಾಕಿ ಒರೆಸಿದರೂ ಬೇಗ ಹೋಗುವುದಿಲ್ಲ. ಬಟ್ಟೆ ಒಗೆಯುವ ಯಂತ್ರದ ತಳದ ಫಿಲ್ಟರಿನಲ್ಲಿ ನಿಂತ ನೀರನ್ನು ಬಸಿಯುವುದನ್ನು ಮರೆಯಬಾರದು. ಗ್ಯಾಸ್ ಸಿಲಿಂಡರನ್ನೂ ಇನ್ವರ್ಟರಿನ ಆಸಿಡ್ ಬ್ಯಾಟರಿಯನ್ನೂ ಗೋದಾಮಿನವರು ಒಳಗೆ ಬಿಡುವುದಿಲ್ಲ, ಅದು ಸರಿಯಾದ ನಿಯಮ. ಸಿಲಿಂಡರನ್ನು ಏಜೆನ್ಸಿಗೆ ಒಪ್ಪಿಸಿ ವೋಚರ್ ಪಡೆದೆವು, ಬ್ಯಾಟರಿಯನ್ನು ಹಳೆಯದರ ಬೆಲೆಗೆ ಮಾರಿದೆವು. ಜಮೀನಿನ ಕಾಗದಪತ್ರ ಮತ್ತು ಒಡವೆಯ ಜಾಗ ಬ್ಯಾಂಕಿನ ಲಾಕರು.

ಸಾಮಾನನ್ನು ಜೋಡಿಸುವ ಕ್ರಮದ ಬಗ್ಗೆ ನಾವು ಕಲಿತ ಪಾಠ ಪಂಚಾಂಗದ್ದು. ನವರಾತ್ರಿ ಮುಗಿದ ಮೇಲೆ ಸಾಗಿಸಿದ್ದರಿಂದ, ಪಟ್ಟದ ಗೊಂಬೆಗಳೂ ಅವುಗಳ ಮೆಟ್ಟಿಲು ಹಲಗೆಗಳೂ ಮೊದಲು ಕಟ್ಟಾಗಿ ಮೊದಲು ಲಾರಿ ಹತ್ತಿ, ಕೋಣೆಯ ಕಟ್ಟಕಡೆಯ ಗೋಡೆಗೆ ಹೋಗಿ ನಿಂತವು. 2023ರ ಅಕ್ಟೋಬರ್‌ನಲ್ಲಿ ಅವನ್ನು ಹೊರತೆಗೆಯಲು ಇಬ್ಬರು ಹಮಾಲರಿಗೆ ಕೂಲಿ ಕೊಟ್ಟು, ಮಂಚ, ಬೀರು, ಪುಸ್ತಕದ ಪೆಟ್ಟಿಗೆಗಳನ್ನೆಲ್ಲ ಹೊರಗಿನ ಓಣಿಗೆ ಎಳೆಸಬೇಕಾಯಿತು. ವಾಪಸು ತುಂಬುವಾಗ ಕೋಣೆಯ ನಡುವೆ ಒಬ್ಬರು ನಡೆಯುವಷ್ಟು ದಾರಿ ಬಿಟ್ಟು, ವರ್ಷಕ್ಕೊಮ್ಮೆಯಾದರೂ ಬೇಕಾಗುವ ಗೊಂಬೆ, ಹೋಳಿಗೆ ಮಣೆ, ದೊಡ್ಡ ಪರಾತಗಳನ್ನು ಶಟರಿನ ಬಳಿಯಿಟ್ಟೆವು. ಪ್ರತಿ ಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಸಂಖ್ಯೆ ಬರೆದು, ಒಳಗೇನಿದೆಯೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪುಸ್ತಕಗಳನ್ನು ದೊಡ್ಡ ಪೆಟ್ಟಿಗೆಗೆ ತುಂಬಿದರೆ ಎತ್ತುವಾಗ ತಳ ಕಿತ್ತು ಬರುತ್ತದೆ, ಹದಿನೈದು ಕೆ.ಜಿ. ಮೀರದ ಸಣ್ಣ ಪೆಟ್ಟಿಗೆಗಳೇ ಮೇಲು. ಏನನ್ನೂ ನೇರ ನೆಲದ ಮೇಲಿಡದೆ ಮರದ ಪ್ಯಾಲೆಟ್, ಅಂದರೆ ಹಲಗೆಗಳ ಅಡಿಮಣೆ, ಹಾಕಿಸಬೇಕು, ಗೋಡೆಯಿಂದಲೂ ಒಂದು ಗೇಣು ದೂರವಿರಬೇಕು.

ಈ ಪ್ಯಾಲೆಟ್‌ಗಳ ಬೆಲೆ ತಿಳಿದದ್ದು 2023ರ ಜುಲೈನಲ್ಲಿ, ಮೇಲಿನ ಶೀಟಿನ ಸಂದಿಯಿಂದ ನೀರು ಸೋರಿದಾಗ. ಕೆಳಗೆ ಹರಿದ ನೀರು ಯಾವುದಕ್ಕೂ ತಾಗಲಿಲ್ಲ, ನೇರವಾಗಿ ಮೇಲೆ ಬಿದ್ದದ್ದರಿಂದ ಒಂದು ಪೆಟ್ಟಿಗೆಯ ಪುಸ್ತಕಗಳು ಮಾತ್ರ ಹೋದವು. ಸಂಸ್ಥೆಯವರು ಸೌಜನ್ಯದಿಂದಲೇ ನಡೆದುಕೊಂಡರು, ಆದರೆ ಬೇರೆ ಕೋಣೆ ಕೊಡಲು ಒಂಬತ್ತು ದಿನ ತೆಗೆದುಕೊಂಡರು, ಮತ್ತು ಸೋರಿಕೆಯ ಹಾನಿಗೆ ತಾವು ಹೊಣೆಯಲ್ಲವೆಂಬ ಕರಾರಿನ ಸಾಲನ್ನು ತೋರಿಸಿದರು. ಹನ್ನೊಂದು ಪುಟಗಳ ಆ ಇಂಗ್ಲಿಷ್ ಕರಾರನ್ನು ನಾನು ಓದದೆ ಸಹಿ ಮಾಡಿದ್ದೆ. ಬಾಡಿಗೆ ತಪ್ಪಿದರೆ ಎಷ್ಟು ತಿಂಗಳಿಗೆ ಸಾಮಾನು ಹರಾಜಾಗುತ್ತದೆ, ತಿಂಗಳಿಗೆ ಎಷ್ಟು ಭೇಟಿ ಉಚಿತ, ವಿಮೆಯಲ್ಲಿ ಮಳೆನೀರು ಸೇರಿದೆಯೇ ಎಂಬ ಮೂರನ್ನಾದರೂ ಓದಿಯೇ ಸಹಿ ಹಾಕಬೇಕು.

ಖರ್ಚಿನ ವಿಚಾರ. ಮೊದಲ ವರ್ಷ ತಿಂಗಳಿಗೆ 4,200 ರೂಪಾಯಿ, ವರ್ಷಕ್ಕೆ ಶೇಕಡ 8ರ ಏರಿಕೆ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ. ಹದಿನಾಲ್ಕು ತಿಂಗಳೆಂದು ಹೊರಟದ್ದು ಇಪ್ಪತ್ತೇಳಕ್ಕೆ ಬಂದು ನಿಂತು, ಸಾಗಣೆಯನ್ನು ಬಿಟ್ಟೇ ಸುಮಾರು 1,41,000 ರೂಪಾಯಿ ಆಯಿತು. ಬೀಟೆಯ ಮಂಚಕ್ಕೂ ಗೊಂಬೆಗಳಿಗೂ ಪುಸ್ತಕಗಳಿಗೂ ಅಷ್ಟು ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಕೋಣೆಯ ಕಾಲು ಭಾಗ ಆಕ್ರಮಿಸಿದ್ದ ಫೋಮ್ ಸೋಫಾ ಹೊಸ ಮನೆಯ ಹಜಾರಕ್ಕೆ ಒಗ್ಗದೆ ಕೊನೆಗೆ ಗುಜರಿಗೆ ಹೋಯಿತು. ಅದನ್ನು ಮೊದಲ ದಿನವೇ ಮಾರಿದ್ದರೆ ಸಣ್ಣ ಕೋಣೆಯೇ ಸಾಕಾಗುತ್ತಿತ್ತು.

ಮನೆ ಕಟ್ಟಿಸುವವರಿಗೆ, ವರ್ಗಾವಣೆಯಾಗಿ ಮರಳುವ ದಿನ ಗೊತ್ತಿರುವವರಿಗೆ ಈ ಸೇವೆಯನ್ನು ಐದರಲ್ಲಿ ಮೂರೂವರೆ ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಕೋಣೆ ಬಿಡುವುದಕ್ಕೆ ಮೂವತ್ತು ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಖಾಲಿ ಕೋಣೆಯ ಫೋಟೋ ತೆಗೆದುಕೊಂಡೇ ನಿಮ್ಮ ಬೀಗ ತೆಗೆಯಿರಿ. ನಮ್ಮ ಮುಂಗಡ ಮೂರು ವಾರಗಳಲ್ಲಿ ವಾಪಸು ಬಂತು, ಮುರಿದ ಒಂದು ಪ್ಯಾಲೆಟ್‌ನ ಬಾಬ್ತು 600 ರೂಪಾಯಿ ಹಿಡಿದುಕೊಂಡು.