ಗ್ಲೌವ್ ಬಾಕ್ಸ್ ರಿಪೇರಿಗೆ ಕೊಡುವ ಮುಂಚೆ ಮುಚ್ಚಳದ ಹಿಂಬದಿ ನೋಡಿಟ್ಟುಕೊಳ್ಳಿ

ಹಳೆಯ ಕಾರು ಇಟ್ಟುಕೊಂಡಿರುವವರು, ಅದರಲ್ಲೂ ಮರದ ಡ್ಯಾಶ್‌ಬೋರ್ಡ್ ಇರುವ ಕಾರಿನವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ಲೌವ್ ಬಾಕ್ಸ್, ಅಂದರೆ ಡ್ಯಾಶ್‌ಬೋರ್ಡ್‌ನಲ್ಲಿ ಸಾಮಾನು ಇಡುವ ಗೂಡು, ಅದರ ರಿಪೇರಿ ಏನು ಮಹಾ ಅನ್ನಿಸುತ್ತದೆ. ಎಂಜಿನ್ ಕೆಲಸವೇ, ಗೇರ್‌ಬಾಕ್ಸ್ ಕೆಲಸವೇ? ಒಂದು ರಟ್ಟಿನ ಡಬ್ಬ, ಒಂದು ಮರದ ಮುಚ್ಚಳ. ಆ ಮುಚ್ಚಳವೇ ಈಗ ನನ್ನ ಹತ್ತಿರ ಇಲ್ಲ. ಕಾರಿನಲ್ಲಿ ಒಂದು ಮುಚ್ಚಳ ಇದೆ, ಹೊಳೆಯುತ್ತಲೂ ಇದೆ. ಆದರೆ ಅದು ನನ್ನದಲ್ಲ.

ಕಾರು 1963ರ ಜಾಗ್ವಾರ್ ಮಾರ್ಕ್ 2. ಈ ಮಾಡೆಲ್ ಬಂದಿದ್ದು 1959ರಿಂದ 1967ರವರೆಗೆ. ಇದರ ಡ್ಯಾಶ್‌ಬೋರ್ಡ್, ಬಾಗಿಲುಗಳ ಮೇಲಂಚು ಎಲ್ಲ ವಾಲ್‌ನಟ್ ವೆನೀರ್. ಅಂದರೆ ಕೆಳಗೆ ಬೇರೆ ಮರ, ಮೇಲೆ ಒಂದು ಮಿಲಿಮೀಟರ್‌ಗೂ ಕಡಿಮೆ ದಪ್ಪದ ವಾಲ್‌ನಟ್ ಹಾಳೆ, ಅದರ ಮೇಲೆ ಹೊಳಪಿನ ಲ್ಯಾಕರ್ ಲೇಪ. ಒಂದು ಕಾರಿಗೆ ಬೇಕಾದ ಹಾಳೆಗಳನ್ನು ಒಂದೇ ಮರದಿಂದ ಸೀಳಿ ಅಂಟಿಸುತ್ತಿದ್ದರು, ಗೆರೆಗಳು ಒಂದಕ್ಕೊಂದು ಹೊಂದಲಿ ಅಂತ. ಹಾಗಾಗಿ ನನ್ನ ಕಾರಿನ ಗ್ಲೌವ್ ಬಾಕ್ಸ್ ಮುಚ್ಚಳ ನನ್ನ ಕಾರಿಗೆ ಮಾತ್ರ ಸರಿ. ಇನ್ನೊಂದು ಮಾರ್ಕ್ 2ರದ್ದು ತಂದು ಹಾಕಿದರೆ ಅಳತೆಗೆ ಕೂರಬಹುದು, ಕಣ್ಣಿಗೆ ಕೂರುವುದಿಲ್ಲ. ಇದು ಆ ಕೆಲಸ ಮಾಡುವವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಮಾಡಿದರು ಅನ್ನುವುದೇ ನನ್ನ ಸಿಟ್ಟು.

ಆಗಿದ್ದೇನು ಅಂದರೆ, ಮುಂದಿನ ಗಾಜಿನ ರಬ್ಬರ್ ಸಡಿಲವಾಗಿ ಒಳಗೆ ನೀರು ಇಳಿಯುತ್ತಿತ್ತು. ಗ್ಲೌವ್ ಬಾಕ್ಸಿನ ಒಳಡಬ್ಬ ಒತ್ತಿ ಮಾಡಿದ ರಟ್ಟು, ತೇವ ಕುಡಿದರೆ ಜೋತುಬೀಳುತ್ತದೆ. ನನ್ನದೂ ಜೋತುಬಿದ್ದಿತ್ತು. ಸ್ಟೇಪಲ್ ಪಿನ್‌ಗಳು ತುಕ್ಕು ಹಿಡಿದು ಮೂಲೆಗಳು ಬಿಟ್ಟುಕೊಂಡಿದ್ದವು. ಸ್ಕ್ರೂ ಕೂರುವ ತೂತುಗಳು ಹರಿದು ದೊಡ್ಡದಾಗಿದ್ದವು. ಒಳಗಿಟ್ಟಿದ್ದೆಲ್ಲ ಪಕ್ಕದಲ್ಲಿ ಕೂತವರ ಕಾಲ ಮೇಲೆ ಬೀಳುತ್ತಿತ್ತು. ಮುಚ್ಚಳದ ಮರಕ್ಕೆ ಏನೂ ಆಗಿರಲಿಲ್ಲ. ಬಿಸಿಲಿಗೆ ಲ್ಯಾಕರ್ ಮಾತ್ರ ಬಿರುಕು ಬಿಟ್ಟು ಹಳದಿಯಾಗಿತ್ತು. ಅಷ್ಟೇ. ಮರ ಚೆನ್ನಾಗಿತ್ತು. ಮತ್ತೆ ಹೇಳುತ್ತೇನೆ, ಮರ ಚೆನ್ನಾಗಿತ್ತು.

ಹಳೆಯ ಕಾರುಗಳ ಕೆಲಸವನ್ನೇ ಮಾಡುವ ವರ್ಕ್‌ಶಾಪ್ ಅದು. ಹೆಸರು ಬರೆಯುವುದಿಲ್ಲ, ಸದ್ಯಕ್ಕೆ ಇರುವ ಜಗಳವೇ ಸಾಕು. ಮಾತಾಡಿದ್ದು ಇಷ್ಟು: ಒಳಡಬ್ಬಕ್ಕೆ ಹದವಾಗಿ ತೇವ ಕೊಟ್ಟು, ಆಕಾರಕ್ಕೆ ಒತ್ತಿ ಒಣಗಿಸಿ, ಗೋಂದು ಹಾಕಿ ಹಿಂದಿನಿಂದ ಪಟ್ಟಿ ಕೊಟ್ಟು ಗಟ್ಟಿ ಮಾಡುವುದು. ಅದು ಆಗದಿದ್ದರೆ ಹೊಸ ಡಬ್ಬ, ಅದಕ್ಕೆ ನನ್ನ ತಕರಾರಿಲ್ಲ, ರೆಡಿಮೇಡ್ ಸಿಗುತ್ತದೆ. ಮುಚ್ಚಳಕ್ಕೆ ಮಾತ್ರ ಇದ್ದ ವೆನೀರ್ ಇಟ್ಟುಕೊಂಡೇ ಹಳೆಯ ಲ್ಯಾಕರ್ ತೆಗೆದು ಹೊಸದು ಹೊಡೆಯುವುದು. ಇದನ್ನು ನಾನು ಬಿಡಿಸಿ ಬಿಡಿಸಿ ಹೇಳಿದ್ದೆ. ಅವರ ಉತ್ತರ ನನಗಿನ್ನೂ ಕಿವಿಯಲ್ಲಿದೆ. "ಒರಿಜಿನಲ್ ಮರ ಮುಟ್ಟೋ ಪ್ರಶ್ನೆನೇ ಇಲ್ಲ ಸರ್. ಅದು ಹೋದ್ರೆ ಮತ್ತೆ ಸಿಗುತ್ತಾ?"

ಸಿಗುವುದಿಲ್ಲ. ಅದಕ್ಕೇ ಅಲ್ವಾ ಕದ್ದಿದ್ದು.

ನಡುವಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಡ್ವಾನ್ಸ್ ಕೊಟ್ಟ ದಿನ ಇದ್ದ ಮರ್ಯಾದೆ ಆಮೇಲೆ ಇರುವುದಿಲ್ಲ. ಲ್ಯಾಕರ್ ಒಣಗುತ್ತಿದೆ, ಪಾಲಿಶ್ ಮಾಡುವವನು ರಜೆ, ಫೋನ್ ಸ್ವಿಚ್ ಆಫ್. ಹೋಗಲಿ. ಲ್ಯಾಕರ್ ಕೆಲಸಕ್ಕೆ ಟೈಮ್ ಬೇಕು ಅಂತ ನಾನೂ ಸುಮ್ಮನಿದ್ದೆ. ಒಂದು ಕೋಟ್ ಒಣಗದೆ ಇನ್ನೊಂದು ಹೊಡೆದರೆ ಆಮೇಲೆ ಸುಕ್ಕು ಬರುತ್ತದೆ.

ಕಾರು ತರಲು ಹೋದಾಗ ಸಂಜೆಯಾಗಿತ್ತು. ಅವರೇ ಆ ಹೊತ್ತಿಗೆ ಬನ್ನಿ ಅಂದಿದ್ದರು. ಯಾಕೆ ಅಂತ ಈಗ ಗೊತ್ತಾಗುತ್ತದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲ ಮರವೂ ಒಂದೇ ಬಣ್ಣ. ಡ್ಯಾಶ್‌ಬೋರ್ಡ್‌ಗೆಲ್ಲ ಮೇಣ ಬೇರೆ ತಿಕ್ಕಿದ್ದರು. "ನೋಡಿ ಸರ್, ಹೇಗಿದೆ! ಶೋರೂಮಿಂದ ಈಗ ತಂದ ಹಾಗಿದೆ" ಅಂದರು. ನಾನು ಚೆನ್ನಾಗಿದೆ ಅಂದೆ. ಥ್ಯಾಂಕ್ಸ್ ಕೂಡ ಹೇಳಿದೆ! ಬಾಕಿ ದುಡ್ಡು ಕೊಟ್ಟು, ಕೈ ಕುಲುಕಿ ಬಂದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೊದಲ ಅನುಮಾನ ಬಂದಿದ್ದು ಕೀಯಿಂದ. ನನ್ನ ಕಾರಿನಲ್ಲಿ ಡಿಕ್ಕಿಗೂ ಗ್ಲೌವ್ ಬಾಕ್ಸಿಗೂ ಒಂದೇ ಕೀ. ಮನೆಗೆ ಬಂದು ಕಾಗದಪತ್ರ ಒಳಗಿಟ್ಟು ಬೀಗ ಹಾಕಲು ಹೋದರೆ ಕೀ ತಿರುಗಲಿಲ್ಲ. ಡಿಕ್ಕಿಗೆ ಹಾಕಿ ನೋಡಿದೆ, ತಿರುಗಿತು. ಮತ್ತೆ ಗ್ಲೌವ್ ಬಾಕ್ಸಿಗೆ ಹಾಕಿದೆ, ಇಲ್ಲ. ಫೋನ್ ಮಾಡಿದೆ.

"ಬೀಗ ತುಕ್ಕು ಹಿಡಿದಿತ್ತು ಸರ್, ಬೇರೆ ಹಾಕಿದ್ದೀವಿ."

ಮತ್ತೆ ಅದರ ಕೀ?

"ಕೀ ಇದೆ ಸರ್, ಕೊಡ್ತೀವಿ."

ಆ ಕೀ ಇವತ್ತಿನವರೆಗೂ ಬಂದಿಲ್ಲ. ಬೀಗ ತುಕ್ಕು ಹಿಡಿದಿದ್ದರೆ ಬಿಚ್ಚಿ ಎಣ್ಣೆ ಹಾಕಿ ಅದನ್ನೇ ಕೂರಿಸಬಹುದಿತ್ತು. ಬದಲಿಸಲೇಬೇಕಿದ್ದರೆ ಹೇಳಬಹುದಿತ್ತು. ಯಾರೂ ಕೇಳದೆ ಯಾಕೆ ಬದಲಿಸಿದರು? ಬದಲಿಸಿದ್ದು ಬೀಗವನ್ನಲ್ಲ, ಅದಕ್ಕೆ. ಬೀಗ ಮುಚ್ಚಳದ ಜೊತೆ ಬಂದಿತ್ತು.

ಮಾರನೇ ದಿನ ಬಿಸಿಲಲ್ಲಿ ಕಾರು ಹೊರಗೆ ತೆಗೆದೆ. ಒಂದು ಸಲ ನೋಡಿದ್ದಷ್ಟೇ. ನನ್ನ ಹಳೆಯ ಮುಚ್ಚಳದಲ್ಲಿ ಎಡಗಡೆ ಒಂದು ಸುಳಿ ಇತ್ತು, ಅದರ ಗೆರೆಗಳು ಹಾಗೇ ಹರಿದು ಪಕ್ಕದ ಡ್ಯಾಶ್‌ಬೋರ್ಡ್ ಹಲಗೆಗೆ ಹೋಗುತ್ತಿದ್ದವು. ಈ ಮುಚ್ಚಳದಲ್ಲಿ ಸುಳಿಯೇ ಇಲ್ಲ. ನೇರ ಗೆರೆ. ಬಣ್ಣವೂ ಕೆಂಪು ಕಡೆಗೆ ಜಾಸ್ತಿ. ಬೇರೆ ಸೀರೆಯ ಸೆರಗು ತಂದು ಹೊಲಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿಗೆ ಕಾರಿನ ಗಂಧಗಾಳಿ ಇಲ್ಲ, ಅವಳೇ ಕೇಳಿದಳು, "ಇದೊಂದು ಯಾಕೆ ಬೇರೆ ತರ ಇದೆ?"

ಹಿಂಜ್ ಸ್ಕ್ರೂ ಬಿಚ್ಚಿ ಮುಚ್ಚಳ ಕೈಗೆ ತೆಗೆದುಕೊಂಡೆ. ನನ್ನ ಮುಚ್ಚಳದ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ಅಂಕೆಗಳಿದ್ದವು. ಮಾಸಿದ್ದರೂ ಕೊನೆಯ 47 ಓದಲು ಬರುತ್ತಿತ್ತು. ಇದರ ಹಿಂದೆ ಏನೂ ಇಲ್ಲ. ಹೊಚ್ಚ ಹೊಸ ಪ್ಲೈವುಡ್. ಮೂಸಿದರೆ ಹೊಸ ಗೋಂದಿನ ವಾಸನೆ. ಹಳೆಯ ಸ್ಕ್ರೂ ತೂತಿನ ಗುರುತು ಕೂಡ ಇಲ್ಲ. ಅರವತ್ತು ವರ್ಷದ ಮುಚ್ಚಳದಲ್ಲಿ ಒಂದು ಹಳೆಯ ತೂತು ಇರಲ್ವಾ?

ಈಗ ಅವರ ಉತ್ತರಗಳನ್ನು ಕೇಳಿ. ಬಂದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು: "ಇದೇ ಸರ್ ನಿಮ್ಮದು. ಪಾಲಿಶ್ ಆದ್ಮೇಲೆ ಹಾಗೇ ಕಾಣೋದು."

ಪಾಲಿಶ್ ಮಾಡಿದರೆ ಸುಳಿ ಮಾಯ ಆಗುತ್ತಾ ಅಂದೆ. ಆಮೇಲೆ: "ನಿಮ್ಮ ವೆನೀರ್ ಪೂರ್ತಿ ಎದ್ದು ಹೋಗಿತ್ತು ಸರ್, ಹೊಸ ವೆನೀರ್ ಅಂಟಿಸಿದ್ದೀವಿ."

ಹಾಗಾದರೆ ಕೆಳಗಿನ ಮರ ಹಳೆಯದೇ ಇರಬೇಕಲ್ಲ, ಇದು ಹೊಸ ಪ್ಲೈವುಡ್ ಅಂದೆ. ಆಮೇಲೆ: "ಹುಳ ಹಿಡಿದಿತ್ತು ಸರ್. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ನನಗೆ ಬೇಜಾರಾಗುತ್ತೆ ಅಂತೆ! ಎಷ್ಟು ಕಾಳಜಿ ನೋಡಿ. ಸರಿ, ಹುಳ ಹಿಡಿದಿದ್ದನ್ನೇ ಕೊಡಿ, ನನ್ನ ವಸ್ತು ನನಗೆ ಬೇಕು ಅಂದೆ. ಆಮೇಲೆ: "ಅದನ್ನ ಎಸೆದಾಯ್ತು ಸರ್."

ನನ್ನ ಹತ್ತಿರ ಹಳೆಯ ಫೋಟೋ ಒಂದಿತ್ತು. ಹಿಂದೊಮ್ಮೆ ಬೀಗ ಬಿಚ್ಚಿದಾಗ ಹಿಂಬದಿಯನ್ನು ತೆಗೆದಿದ್ದು, ಅಂಕೆ ಕಾಣುತ್ತದೆ. ಕಳಿಸಿದೆ. ಅದಕ್ಕೆ ಬಂದ ಉತ್ತರ: "ಈ ಫೋಟೋ ಯಾವ ಕಾರಿಂದೋ ಯಾರಿಗೆ ಗೊತ್ತು ಸರ್. ನೀವು ಗಾಡಿ ತಗೊಂಡು ಹೋಗುವಾಗ ಚೆನ್ನಾಗಿದೆ ಅಂದ್ರಲ್ಲ."

ಅಂದೆ ಸ್ವಾಮಿ. ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ, ಮೇಣ ತಿಕ್ಕಿ ತೋರಿಸಿದರೆ ಯಾರಾದರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ.

ಸರಿ, ಮುಚ್ಚಳ ಕದ್ದವರು ಕೆಲಸವನ್ನಾದರೂ ನೆಟ್ಟಗೆ ಮಾಡಿದ್ದಾರಾ? ಅದೂ ಇಲ್ಲ. ಹಿಂಜ್‌ಗೆ ಇರಬೇಕಾದ್ದಕ್ಕಿಂತ ಉದ್ದದ ಸ್ಕ್ರೂ ಹಾಕಿದ್ದಾರೆ. ತುದಿ ಮರ ದಾಟಿ ಮುಂಭಾಗದ ವೆನೀರನ್ನು ಒಳಗಿಂದ ಎತ್ತಿದೆ. ಬೆರಳಾಡಿಸಿದರೆ ಮೊಡವೆಯಂತೆ ಕೈಗೆ ಸಿಗುತ್ತದೆ. ಅವರದೇ ಮುಚ್ಚಳ ಹಾಳಾದರೆ ನನಗೇನು ಅಂತ ಬಿಟ್ಟಿದ್ದೇನೆ! ಮುಚ್ಚಳ ತೆರೆದಾಗ ತಡೆದು ಹಿಡಿಯುವ ಸ್ಟೇ ಹಾಕೇ ಇಲ್ಲ. ತೆರೆದ ಕೂಡಲೇ ಧಪ್ ಅಂತ ಬಿದ್ದು ಎಲ್ಲ ಭಾರ ಹಿಂಜ್ ಮೇಲೆ. ಹೀಗೇ ನಾಲ್ಕು ಸಲ ಬಿದ್ದರೆ ಸ್ಕ್ರೂ ಕಿತ್ತುಕೊಂಡು ಬರುತ್ತದೆ. ಲಾಕಿನ ಕೊಂಡಿ ಕೂರುವ ಜಾಗ ಹೊಂದಿಸಿಲ್ಲ, ಗುಂಡಿ ರಸ್ತೆಯಲ್ಲಿ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತದೆ. ಈ ಕೆಲಸದಲ್ಲಿ ಹಿಂಜ್ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಕೂರಿಸಬೇಕು. ಸುತ್ತ ಸಂದು ಒಂದೇ ಸಮ ಇದೆಯಾ ನೋಡಿ, ಆಮೇಲೆ ಬಿಗಿ ಮಾಡಿ, ಕೊನೆಗೆ ಕೊಂಡಿ ಹೊಂದಿಸಬೇಕು. ನನ್ನದರಲ್ಲಿ ಒಂದು ಕಡೆ ಸಂದಿನಲ್ಲಿ ನಾಣ್ಯ ತೂರುತ್ತದೆ, ಇನ್ನೊಂದು ಕಡೆ ಉಜ್ಜುತ್ತದೆ.

ಎಲ್ಲಕ್ಕಿಂತ ಹೆದರಿಕೆಯಾಗಿದ್ದು ಒಳಡಬ್ಬ ಬಿಚ್ಚಿದಾಗ. ಅದರ ಹಿಂದೆ ಗಾಜಿಗೆ ಬಿಸಿಗಾಳಿ ಒಯ್ಯುವ ಪೈಪ್ ಇದೆ, ವೈರಿಂಗ್ ಗೊಂಚಲು ಇದೆ. ಡಬ್ಬದ ಹರಿದ ತೂತುಗಳಿಗೆ ವಾಷರ್ ಹಾಕಿದ್ದರೆ ಮುಗಿಯುತ್ತಿತ್ತು. ಅದರ ಬದಲು ದಪ್ಪ ಸ್ಕ್ರೂ ತಿರುಗಿಸಿದ್ದಾರೆ. ಒಂದರ ಮೊನೆ ವೈರಿನ ಮೈ ತರಚಿ ತಾಮ್ರ ಕಾಣುತ್ತಿತ್ತು. ಆ ವೈರ್ ಕಾರಿನ ಲೋಹದ ಮೈಗೆ ತಾಗಿ ಕಿಡಿ ಹಾರಿದ್ದರೆ? ಪಕ್ಕದಲ್ಲೇ ಒಣಗಿದ ರಟ್ಟು. ಮುಂದಿನದು ನೀವೇ ಊಹಿಸಿ. ಇವರು ಬ್ಯಾಟರಿ ಕನೆಕ್ಷನ್ ತೆಗೆದು ಕೆಲಸ ಮಾಡಿದ್ದಾರೆ ಅಂತ ನನಗಂತೂ ಅನ್ನಿಸುವುದಿಲ್ಲ.

ಇನ್ನೊಂದು ತಮಾಷೆ. ಹಿಂದಿನ ಮಾಲೀಕರು ಒಳಗೊಂದು ಪುಟ್ಟ ಬಲ್ಬ್ ಹಾಕಿಸಿದ್ದರು. ಇವರು ಅದನ್ನು ತೆಗೆದು ಎಲ್‌ಇಡಿ ಹಾಕಿದ್ದಾರೆ, ಉರಿಯುತ್ತಿಲ್ಲ. ಕೇಳಿದರೆ "ಆ ಕಂಪನಿ ಎಲ್‌ಇಡಿ ಸರಿ ಇಲ್ಲ ಸರ್" ಅಂದರು. ಮಾರ್ಕ್ 2ರಲ್ಲಿ ಬ್ಯಾಟರಿಯ ಪ್ಲಸ್ ಕಾರಿನ ಲೋಹದ ಮೈಗೆ ಸೇರಿರುತ್ತದೆ, ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಂತೆ. ಮಾಮೂಲಿ ಬಲ್ಬಿಗೆ ಪ್ಲಸ್, ಮೈನಸ್ ಯಾವ ಕಡೆ ಇದ್ದರೂ ಒಂದೇ, ಎಲ್‌ಇಡಿಗೆ ಹಾಗಲ್ಲ. ವೈರ್ ಅದಲುಬದಲು ಮಾಡಿದೆ, ಉರಿಯಿತು. ಹಳೆಯ ಬ್ರಿಟಿಷ್ ಕಾರುಗಳ ಸ್ಪೆಷಲಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರಿಗೆ ಇದು ಗೊತ್ತಿಲ್ಲ. ಒರಿಜಿನಲ್ ಮುಚ್ಚಳಕ್ಕೆ ಎಷ್ಟು ಬೆಲೆ ಬರುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ನಿಮಗೆ ಹೇಳುವುದು ಇಷ್ಟೇ. ಮುಚ್ಚಳ ನೀವೇ ಬಿಚ್ಚಿ ಕೊಡಿ, ಕಾರು ಅಲ್ಲಿ ಬಿಡಬೇಡಿ. ಬ್ಯಾಟರಿ ತೆಗೆದು ನಿಧಾನಕ್ಕೆ ಕೂತರೆ ಸ್ಕ್ರೂಡ್ರೈವರ್ ಕೆಲಸ ಅದು. ಕೊಡುವ ಮುಂಚೆ ಹಿಂದೆ ಮುಂದೆ ಫೋಟೋ ತೆಗೆಯಿರಿ. ಬರೀ ಮುಚ್ಚಳದ್ದಲ್ಲ, ಕಾರಿನ ನಂಬರ್ ಪ್ಲೇಟ್ ಪಕ್ಕ ಹಿಡಿದು ತೆಗೆಯಿರಿ, ಆಗ "ಯಾವ ಕಾರಿಂದೋ" ಅನ್ನುವ ಬಾಯಿ ಮುಚ್ಚುತ್ತದೆ. ಹಿಂಬದಿಯಲ್ಲಿ ಬೀಗದ ತೂತಿನ ಒಳಗೆಲ್ಲಾದರೂ ನಿಮ್ಮದೊಂದು ಗುರುತು ಮಾಡಿ. ತೆಗೆದ ಪ್ರತಿ ಹಳೆಯ ಭಾಗ ವಾಪಸ್ ಬರಬೇಕು ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಕಾರನ್ನು ಹಗಲಲ್ಲೇ ತನ್ನಿ. ಸಂಜೆ ಬನ್ನಿ ಸರ್ ಅಂದರೆ ಬೆಳಿಗ್ಗೆ ಹೋಗಿ.

ನಿನ್ನೆ ಅವರ ಇನ್ನೊಂದು ಮೆಸೇಜ್ ಬಂತು. "ಹುಡುಗರು ಗೋಡೌನ್‌ನಲ್ಲಿ ಹುಡುಕ್ತಿದ್ದಾರೆ ಸರ್, ಸಿಕ್ಕಿದ್ರೆ ಹೇಳ್ತೀವಿ." ಎಸೆದದ್ದು ಗೋಡೌನ್‌ನಲ್ಲಿ ಹೇಗೆ ಸಿಗುತ್ತದೆ ಅಂತ ಕೇಳಿದ್ದೇನೆ. ನೋಡಿದ್ದಾರೆ, ಉತ್ತರ ಇಲ್ಲ. ದೂರು ಬರೆದಿಟ್ಟಿದ್ದೇನೆ, ಈ ವಾರ ಕೊಡುತ್ತೇನೆ. ಅಷ್ಟರಲ್ಲಿ ಯಾರಾದರೂ ನಿಮಗೆ ಮಾರ್ಕ್ 2ರ ಒರಿಜಿನಲ್ ಗ್ಲೌವ್ ಬಾಕ್ಸ್ ಮುಚ್ಚಳ ಮಾರಲು ಬಂದರೆ, ಎಡಗಡೆ ಸುಳಿ ಇದೆಯಾ, ಹಿಂದೆ ಪೆನ್ಸಿಲ್‌ನಲ್ಲಿ 47 ಅಂತ ಕೊನೆಯಾಗುವ ಅಂಕೆ ಇದೆಯಾ ನೋಡಿ. ಇದ್ದರೆ ದುಡ್ಡು ಕೊಡಬೇಡಿ, ಮೊದಲು ನನಗೆ ತಿಳಿಸಿ.