ಬಾಟಲಿ ಚೆನ್ನಾಗಿದೆ, ಮುಚ್ಚಳದ್ದೇ ತಕರಾರು

ವಾಪಸ್ ಬಂದ ಪುಸ್ತಕಗಳ ಗಾಡಿಯ ಮೇಲೆ ನನ್ನ ನೀರಿನ ಬಾಟಲಿ ಮಲಗಿತ್ತು. ಮಲಗಿಸಿದ್ದು ನಾನೇ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಅಡಿಯಲ್ಲಿದ್ದ ದಪ್ಪ ನಿಘಂಟಿನ ಮೂಲೆ ಒದ್ದೆಯಾಗಿ ಉಬ್ಬಿಕೊಂಡಿದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವವಳು ನಾನು. ದಿನಕ್ಕೆ ಹತ್ತು ಸಲ ‘ದಯವಿಟ್ಟು ನೀರಿನ ಬಾಟಲಿ ಒಳಗೆ ತರಬೇಡಿ’ ಅಂತ ಹೇಳುವವಳೂ ನಾನೇ. ಆ ದಿನ ಒಂದೊಂದು ಹಾಳೆಯ ನಡುವೆಯೂ ಒಣ ಕಾಗದ ಇಡುತ್ತಾ ಕೂತಿದ್ದನ್ನು ನೋಡಿ ಜೊತೆಗಿದ್ದವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅದು ಪ್ಲಾಸ್ಟಿಕ್ ಬಿಡಬೇಕು ಅಂತ ನಾನು ಕೊಂಡ ಮೊದಲ ಸ್ಟೀಲ್ ಬಾಟಲಿ. ಆಮೇಲೆ ಎರಡು ವರ್ಷ ಆಯ್ತು. ಈ ನಡುವೆ ಇನ್ನೂ ಮೂರು ಬಾಟಲಿ, ಒಂದು ತಾಮ್ರದ ಬಿಂದಿಗೆ, ಒಂದು ಮಣ್ಣಿನ ಮಡಕೆ, ನಲ್ಲಿ ಇರುವ ಒಂದು ಸ್ಟೀಲ್ ಡ್ರಮ್ಮು ಮನೆಗೆ ಬಂದಿವೆ. ಎಲ್ಲವನ್ನೂ ದಿನಾ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಮೊದಲೇ ಹೇಳಿಬಿಡುತ್ತೇನೆ: ಅಂಗಡಿಯಲ್ಲಿ ಎಲ್ಲರೂ ಬಾಟಲಿ ನೋಡುತ್ತಾರೆ. ನೋಡಬೇಕಾದ್ದು ಮುಚ್ಚಳವನ್ನು.

ಪ್ಲಾಸ್ಟಿಕ್ ಯಾಕೆ ಬಿಟ್ಟೆ ಅಂದರೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟಿದ್ದ ಬಾಟಲಿಯ ನೀರು ಒಂದು ದಿನ ಕುಡಿದೆ. ಆ ವಾಸನೆ ನಾಲಿಗೆಯಿಂದ ಸಂಜೆವರೆಗೂ ಹೋಗಲಿಲ್ಲ. ಆಮೇಲೆ ಓದೋಕೆ ಶುರು ಮಾಡಿದೆ. ಕೆಲಸವೇ ಅದಲ್ವಾ. 2018ರಲ್ಲಿ 259 ನೀರಿನ ಬಾಟಲಿಗಳನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 93ರಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಚೂರುಗಳು ಸಿಕ್ಕಿದ್ದವು. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಇನ್ನೂ ಸೂಕ್ಷ್ಮವಾದ ವಿಧಾನದಲ್ಲಿ ಎಣಿಸಿದರು. ಒಂದು ಲೀಟರ್ ಬಾಟಲಿ ನೀರಿನಲ್ಲಿ ಸರಾಸರಿ 2,40,000 ಚೂರು, ಅದರಲ್ಲಿ ಹೆಚ್ಚುಕಡಿಮೆ ನೂರಕ್ಕೆ 90 ಭಾಗ ನ್ಯಾನೋ ಗಾತ್ರದವು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ಹಾಗಂತ ಹೆದರಿಸೋದು ನನ್ನ ಉದ್ದೇಶ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ, ಸಿಕ್ಕಿರುವ ಅಲ್ಪ ಮಾಹಿತಿಯ ಮಟ್ಟಿಗೆ ಕುಡಿಯುವ ನೀರಿನಲ್ಲಿರುವ ಇಂಥ ಸಣ್ಣ ಚೂರುಗಳಿಂದ, ಅಂದರೆ ಮೈಕ್ರೋಪ್ಲಾಸ್ಟಿಕ್‌ನಿಂದ, ಈಗಿನ ಪ್ರಮಾಣದಲ್ಲಿ ಅಪಾಯ ಕಾಣುತ್ತಿಲ್ಲ, ಇನ್ನೂ ಸಂಶೋಧನೆ ಬೇಕು ಅಂದಿತ್ತು. ನನ್ನ ತಲೆಯಲ್ಲಿ ಕೂತ ವಿಷಯ ಬೇರೆ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ತಿರುಗಿಸಿ ತೆಗೆದು ಹಾಕಿದಷ್ಟೂ ಮುಚ್ಚಳವೂ ಕತ್ತಿನ ತಿರುಪೂ ಉಜ್ಜಿ ಸವೆದು ಚೂರು ಏಳುತ್ತವಂತೆ. ಒಂದೇ ಸಲ ಬಳಸಿ ಬಿಸಾಡಬೇಕಾದ ಬಾಟಲಿಗೆ ತಿಂಗಳುಗಟ್ಟಲೆ ನೀರು ತುಂಬಿಸಿಕೊಂಡವಳು ನಾನು.

ಆ ಮೊದಲ ಬಾಟಲಿಗೆ ಬರೋಣ. ಒಂದೇ ಗೋಡೆಯ ಸ್ಟೀಲ್, ಒಂದು ಲೀಟರಿನದು. ತಳದಲ್ಲಿ 18/8 ಅಂತ ಕೊರೆದಿತ್ತು. ಅಂದರೆ ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. 304 ಅನ್ನುವುದೂ ಇದನ್ನೇ. ಕ್ರೋಮಿಯಂ ಗಾಳಿ ಸೇರಿ ಮೇಲೆ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ, ಅದಕ್ಕೇ ತುಕ್ಕು ಹಿಡಿಯುವುದಿಲ್ಲ. ಕೆಲವರು ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆ ಸ್ಟೀಲು ಅಂತಾರೆ. ನಂಬಬೇಡಿ. ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸಿದ 201 ಅನ್ನುವ ಅಗ್ಗದ ಸ್ಟೀಲೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಬೇಗ ತುಕ್ಕು ಹಿಡಿಯುತ್ತದೆ. ಇನ್ನು ಒಳ್ಳೆ 304 ಕೂಡ ಬಗ್ಗಿಸಿ ಒತ್ತಿದ ಜಾಗದಲ್ಲಿ, ಕತ್ತಿನ ಹತ್ತಿರ, ಸ್ವಲ್ಪ ಅಂಟಬಹುದು.

ಬಾಟಲಿ ಒಳ್ಳೆಯದೇ. ನನ್ನ ಕೈಯಿಂದ ಜಾರಿ ಓದುವ ಕೋಣೆಯ ಮೆಟ್ಟಿಲ ಮೇಲೆ ಬಿದ್ದ ದಿನ ಠಣ್, ಠಣ್, ಠಣ್ ಅಂತ ಹದಿನಾಲ್ಕು ಮೆಟ್ಟಿಲೂ ಎಣಿಸಿಕೊಂಡು ಕೆಳಗಿಳಿಯಿತು. ನಲವತ್ತು ತಲೆ ಒಟ್ಟಿಗೆ ಎದ್ದವು. ಎರಡು ಕಡೆ ನೆಗ್ಗಿತು, ಅಷ್ಟೇ. ಇವತ್ತಿಗೂ ತೂತಿಲ್ಲ, ಸೀಳಿಲ್ಲ.

ಕೆಟ್ಟದ್ದು ಮುಚ್ಚಳ. ಗುಂಡಿ ಒತ್ತಿದರೆ ಟಕ್ ಅಂತ ತೆರೆದುಕೊಳ್ಳುವ ಮಾದರಿ. ಒಂದೇ ಕೈಯಲ್ಲಿ ಕುಡಿಯಬಹುದು, ಅಂಗಡಿಯಲ್ಲಿ ಭಲೇ ಅನ್ನಿಸುತ್ತದೆ. ಬಾಟಲಿ ಸ್ಟೀಲು, ಮುಚ್ಚಳ ಪೂರ್ತಿ ಪ್ಲಾಸ್ಟಿಕ್. ಒಳಗೊಂದು ಸ್ಪ್ರಿಂಗು, ಎರಡು ಉಂಗುರ, ಬೆರಳು ಹೋಗದ ನಾಲ್ಕು ಸಂದು. ನಿಘಂಟು ನೆಂದ ಸಂಜೆ ಮನೆಗೆ ಬಂದು ಅದನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಒಳಗಿನ ಸಿಲಿಕೋನ್ ವಾಷರನ್ನು ಹಲ್ಲುಕಡ್ಡಿಯಿಂದ ಮೀಟಿ ಎಬ್ಬಿಸಿದೆ. ಮೇಲಿನ ಮೈ ಬೆಳ್ಳಗೆ, ನಾನು ದಿನಾ ತೊಳೆಯುವ ಮೈ. ತಿರುಗಿಸಿದರೆ ಸುತ್ತಲೂ ಪೆನ್ಸಿಲ್ಲಲ್ಲಿ ಎಳೆದಂತೆ ಕಪ್ಪು ಗೆರೆ. ಉಗುರಿನಲ್ಲಿ ಕೆರೆದರೆ ಲೋಳೆ. ಮೂಸಿದೆ. ಬೇಡ, ಅದನ್ನು ಬರೆಯುವುದಿಲ್ಲ. ವಾಷರು ಒಂದು ಕಡೆ ಮಡಚಿಕೊಂಡಿತ್ತು, ನೀರು ಸೋರಿದ್ದು ಅಲ್ಲಿಂದಲೇ. ಐದು ತಿಂಗಳಿಂದ ಪ್ಲಾಸ್ಟಿಕ್ ಬಿಟ್ಟೆ ಅಂತ ಎದೆ ಉಬ್ಬಿಸಿಕೊಂಡು ಬೂಸ್ಟಿನ ಮೂಲಕ ನೀರು ಕುಡಿಯುತ್ತಿದ್ದೆ.

ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಸಿಟ್ಟಿನಲ್ಲಿ ಬಾಟಲಿಗೂ ಮುಚ್ಚಳಕ್ಕೂ ಬ್ಲೀಚ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸ್ಟೀಲಿನ ತಳದಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆಗಳು. ಬ್ಲೀಚಿನ ಕ್ಲೋರಿನ್ ಆ ಕ್ರೋಮಿಯಂ ಪದರವನ್ನೇ ತಿನ್ನುತ್ತದೆ. ಈಗ ಅಡುಗೆ ಸೋಡಾ, ಬಿಸಿನೀರು, ಉದ್ದ ಹಿಡಿಯ ಬ್ರಷ್ಷು. ಬಿಳಿ ಲವಣ ಕಟ್ಟಿದರೆ ಸ್ವಲ್ಪ ವಿನೆಗರ್ ಹಾಕಿ ಅರ್ಧ ಗಂಟೆ. ಸಾಕು. ರಾತ್ರಿ ಮುಚ್ಚಳ ಬಿಚ್ಚಿ ಬಾಟಲಿ ಬೋರಲು ಹಾಕಿಡುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಎರಡನೆಯದು ನಮ್ಮವರ ಆಯ್ಕೆ, ಎರಡು ಗೋಡೆಯ ಇನ್ಸುಲೇಟೆಡ್ ಬಾಟಲಿ. ಗೋಡೆಗಳ ನಡುವಿನ ಗಾಳಿ ತೆಗೆದಿರುತ್ತಾರೆ, ಬಿಸಿ ದಾಟುವುದು ತೀರಾ ಕಮ್ಮಿ. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಪ್ರಯೋಗಾಲಯದಲ್ಲಿ ದ್ರವ ಅನಿಲಗಳನ್ನು ತಣ್ಣಗಿಡಲು ಮಾಡಿಕೊಂಡ ಪಾತ್ರೆ ಇದರ ಮೂಲ. ಬೆಳಿಗ್ಗೆ ಆರಕ್ಕೆ ಕುದಿಯುವ ನೀರು ಹಾಕಿದರೆ ಸಂಜೆ ಆರಕ್ಕೂ ಊದಿಕೊಂಡೇ ಕುಡಿಯಬೇಕು. ನನಗೆ ಬೇಕಿದ್ದುದು ತಣ್ಣನೆಯ ನೀರೂ ಅಲ್ಲ, ಬಿಸಿಯದೂ ಅಲ್ಲ, ಸುಮ್ನೆ ನೀರು. ಅದಕ್ಕಾಗಿ ಈ ಭಾರ ಹೊರಬೇಕಾ? ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. ಒಂದು ಲೀಟರಿನ ಒಂಟಿ ಗೋಡೆಯ ಬಾಟಲಿ ಖಾಲಿಯಿದ್ದಾಗ 230 ಗ್ರಾಂ. ಮುಕ್ಕಾಲು ಲೀಟರಿನ ಇದು 390. ಜೊತೆಗೆ ಒಂದು ಗುಟ್ಟು: ಇಂಥ ಕೆಲವು ಬಾಟಲಿಗಳಲ್ಲಿ ಗಾಳಿ ತೆಗೆದ ತೂತನ್ನು ಸೀಸ ಇರುವ ಬೆಸುಗೆಯ ಚುಕ್ಕೆಯಿಂದ ಮುಚ್ಚಿ, ಅದರ ಮೇಲೆ ತಳದ ಬಿಲ್ಲೆ ಕೂರಿಸಿರುತ್ತಾರೆ. ಬಿಲ್ಲೆ ಗಟ್ಟಿಯಾಗಿದ್ದರೆ ನೀರಿಗೂ ಕೈಗೂ ಅದು ತಾಗುವುದಿಲ್ಲ. ಬಿಲ್ಲೆ ಕಿತ್ತುಬಂದರೆ ಆ ಬಾಟಲಿ ಬಳಸಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಸೀಸವಿಲ್ಲದೆ ಮಾಡುವವರೂ ಇದ್ದಾರೆ, ಕೇಳಿ ಕೊಳ್ಳಿ. ಇನ್ನೊಂದು, ಇದನ್ನು ಫ್ರೀಜರಿನಲ್ಲಿ ಇಡಬಾರದು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9 ಭಾಗ ಹಿಗ್ಗುತ್ತದೆ. ಒಳಗೋಡೆ ಉಬ್ಬಿತೋ, ಅದರ ಕಥೆ ಮುಗಿಯಿತು.

ಗಾಜಿನ ಬಾಟಲಿ ನನ್ನ ಮೆಚ್ಚಿನದು. ಮೆಚ್ಚಿನದಾಗಿತ್ತು. ಬೊರೋಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಮಾಮೂಲಿ ಗಾಜಿನ ಮೂರನೇ ಒಂದು ಭಾಗದಷ್ಟು ಮಾತ್ರ, ಹಾಗಾಗಿ ಬಿಸಿನೀರಿಗೆ ಬಿರುಕು ಬಿಡುವುದಿಲ್ಲ. ನೀರಿಗೆ ಯಾವ ರುಚಿಯೂ ಸೇರುವುದಿಲ್ಲ. ಒಳಗೆ ಕೊಳೆ ಇದ್ದರೆ ಕಣ್ಣಿಗೇ ಕಾಣುತ್ತದೆ, ಸ್ಟೀಲಿನಲ್ಲಿ ಈ ಸುಖ ಇಲ್ಲ. ಮುಚ್ಚಳವೂ ಚೆಂದ, ಬಿದಿರಿನದು. ತಿರುಗಿಸಿ ಒಳಗೆ ನೋಡಿದಾಗ ಗೊತ್ತಾಯಿತು, ಬಿದಿರು ಬರೀ ಟೋಪಿ, ತಲೆ ಪ್ಲಾಸ್ಟಿಕ್ಕಿನದೇ! ಇರಲಿ ಅಂದುಕೊಂಡೆ. ಏಳನೇ ವಾರ ಸಿಂಕಿನ ನಲ್ಲಿಯ ಮೂತಿಗೆ ಬಾಯಿ ತಗುಲಿ ಚಕ್ಕೆ ಎದ್ದಿತು. ಬಿಸಿ ತಡೆದದ್ದು ನಿಜ, ನಲ್ಲಿಯನ್ನು ತಡೆಯಲಿಲ್ಲ. ಊಟದ ಮೇಜಿನ ಮೇಲೆ ಇರಲು ಗಾಜಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಚೀಲಕ್ಕೆ ಬೇಡ.

ಅಲ್ಯುಮಿನಿಯಂ ಬಾಟಲಿಯನ್ನು ಕೊಳ್ಳಲೇ ಇಲ್ಲ. ಹಗುರ ಹೌದು. ಆದರೆ ಲೋಹ ನೀರಿಗೆ ಬಿಡದಿರಲಿ ಅಂತ ಒಳಗೆ ಪ್ಲಾಸ್ಟಿಕ್ಕಿನಂಥದ್ದೇ ಒಂದು ಲೇಪ ಬಳಿದಿರುತ್ತಾರೆ. ಸುತ್ತಿ ಬಳಸಿ ಅಲ್ಲಿಗೇ ಬಂದಂತಾಯಿತು.

ಇನ್ನು ಮನೆಯೊಳಗಿನ ನೀರು. ನಮ್ಮಲ್ಲಿದ್ದುದು 20 ಲೀಟರಿನ ನೀಲಿ ಕ್ಯಾನು, ತಳದಲ್ಲಿ ತ್ರಿಕೋನದೊಳಗೆ 7 ಅಂತ ಇತ್ತು. 7 ಅಂದರೆ ‘ಇತರೆ’. ಪಾಲಿಕಾರ್ಬೊನೇಟ್ ಬರುವುದು ಈ ಗುಂಪಿನಲ್ಲೇ, ಅದನ್ನು ಮಾಡುವುದು ಬಿಪಿಎ ಎಂಬ ರಾಸಾಯನಿಕದಿಂದ. ಯುರೋಪಿನ ಒಕ್ಕೂಟ 2011ರಲ್ಲಿ ಮಕ್ಕಳ ಹಾಲಿನ ಬಾಟಲಿಯಿಂದ ಅದನ್ನು ಹೊರಗಿಟ್ಟದ್ದು ಓದಿದ ಮೇಲೆ ಕ್ಯಾನು ಗಿಡಕ್ಕೆ ನೀರು ಹಾಕಲು ಹೋಯಿತು.

ಅತ್ತೆಯ ಮಾತಿಗೆ ಮೊದಲು ಮಡಕೆ ಬಂತು. ‘ನೋಡಮ್ಮ, ಒಳಗೆ ಬಣ್ಣ ಹೊಳಪು ಏನೂ ಬಳಿದಿರಬಾರದು’ ಅಂದಿದ್ದರು. ಮಾತು ಸರಿ. ಹೊಳಪಿನ ಕೆಲವು ಲೇಪಗಳಲ್ಲಿ ಸೀಸ ಇರುತ್ತದೆ. ಹೊಸ ಮಡಕೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮೊದಲೆರಡು ದಿನದ ನೀರು ಚೆಲ್ಲಿದೆವು. ಒಣ ಹವೆಯ ದಿನಗಳಲ್ಲಿ ಆ ನೀರಿನ ಮುಂದೆ ಫ್ರಿಜ್ಜಿನ ನೀರು ಸಪ್ಪೆ. ಮೈಯ ಸಣ್ಣ ರಂಧ್ರಗಳಲ್ಲಿ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ಶಾಖ ಹೊತ್ತೊಯ್ಯುತ್ತದೆ. ಒಂದೇ ಗ್ರಾಂ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 580 ಕ್ಯಾಲೊರಿ. ಅಷ್ಟು ಶಾಖ ಹೋದರೆ 58 ಗ್ರಾಂ ನೀರು 10 ಡಿಗ್ರಿ ತಣ್ಣಗಾಗಬಹುದು. ಮಳೆ ಶುರುವಾದಾಗ ಮಾತ್ರ ಗಾಳಿಯಲ್ಲೇ ತೇವ, ಆವಿ ಏಳುವುದೇ ಇಲ್ಲ. ಮಡಕೆಯ ಅಡಿ ಒದ್ದೆ, ನೀರು ಬೆಚ್ಚಗೆ. ಒಂದು ವರ್ಷದ ಮೇಲೆ ಹೊರಗೆ ಬಿಳಿ ಲವಣ ಕಟ್ಟಿ ರಂಧ್ರ ಮುಚ್ಚಿಕೊಂಡಿತು. ಬರೀ ನೀರಿನಲ್ಲಿ ನಾರಿನಿಂದ ಉಜ್ಜಿದೆ. ಸೋಪು ಹಾಕಿದರೆ ಅದನ್ನೂ ಕುಡಿದುಕೊಳ್ಳುತ್ತದೆ.

ತಾಮ್ರದ ಬಿಂದಿಗೆಯದು ಚುಟುಕಾಗಿ. ತಾಮ್ರ ರೋಗಾಣುಗಳನ್ನು ಕೊಲ್ಲುತ್ತದೆ ಅನ್ನುವುದು ಬರೀ ನಂಬಿಕೆ ಅಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಉಳಿದಿರಲಿಲ್ಲ. ತಾಮ್ರದ ಅಂಶವೂ ಲೀಟರಿಗೆ 2 ಮಿಲಿಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು. ಆದರೆ ಹುಳಿ ಇರುವುದನ್ನು ಅದರಲ್ಲಿ ಹಾಕಬಾರದು, ತಾಮ್ರ ಜಾಸ್ತಿ ಕರಗುತ್ತದೆ. ಜೊತೆಗೆ ಕಿಲುಬು ಉಜ್ಜುವ ಕೆಲಸ ತಪ್ಪಿದ್ದಲ್ಲ. ನನಗೆ ಅಷ್ಟು ತಾಳ್ಮೆ ಇಲ್ಲ. ಈಗ ಅದು ಅಲಂಕಾರಕ್ಕೆ ನಿಂತಿದೆ.

ಕೊನೆಗೆ ನಿಂತಿದ್ದು ಹತ್ತು ಲೀಟರಿನ ಸ್ಟೀಲ್ ಡ್ರಮ್ಮು. ಮುಖ್ಯವಾದದ್ದು ಅದರ ನಲ್ಲಿ. ಲೋಟ ಮುಳುಗಿಸಿ ನೀರು ತೆಗೆಯುವಾಗ ನೀರು ಕೆಡುವುದು ಪಾತ್ರೆಯಿಂದಲ್ಲ, ಕೈಯಿಂದ. ಮಗಳು ಮಣ್ಣಾಡಿ ಬಂದು ಮೊಣಕೈವರೆಗೂ ಮಡಕೆಗೆ ಇಳಿಸಿದ್ದನ್ನು ಕಂಡವಳು ನಾನು. ಡ್ರಮ್ಮಿನ ಜೊತೆ ಬಂದ ನಲ್ಲಿ ಪ್ಲಾಸ್ಟಿಕ್ಕಿನದು, ಒಂದೇ ತಿಂಗಳಿಗೆ ಹನಿಯತೊಡಗಿತು. ಬೇರೆ ಸ್ಟೀಲ್ ನಲ್ಲಿ ಹಾಕಿಸಿದೆವು. ಕೊಳ್ಳುವಾಗಲೇ ನಲ್ಲಿ ಬಿಚ್ಚಿ ನೋಡಿ, ಒಳಗೆ ಬೆರಳು ಆಡಿಸಿ ತೊಳೆಯುವಂತಿರಬೇಕು.

ಈಗ ನನ್ನ ಚೀಲದಲ್ಲಿರುವುದು ನಾಲ್ಕನೇ ಬಾಟಲಿ. ಮುಕ್ಕಾಲು ಲೀಟರು, 304, ಒಂದೇ ಗೋಡೆ, ನನ್ನ ಮುಷ್ಟಿ ಹೋಗುವಷ್ಟು ಅಗಲದ ಬಾಯಿ. ಮುಚ್ಚಳ ಬರೀ ತಿರುಪಿನದು. ಗುಂಡಿ ಇಲ್ಲ, ಸ್ಟ್ರಾ ಇಲ್ಲ, ಒಳಮೈಯೂ ಸ್ಟೀಲು. ಇರುವುದು ಒಂದೇ ಸಿಲಿಕೋನ್ ಉಂಗುರ, ಬೆರಳಿನಲ್ಲೇ ಬಿಚ್ಚಿಕೊಳ್ಳುತ್ತದೆ. ಹೆಚ್ಚುವರಿ ಉಂಗುರ ಬಿಡಿಯಾಗಿ ಸಿಗುತ್ತದೆ, ನಾನು ಆರಿಸಿದ್ದೇ ಅದಕ್ಕೆ. ಕೊರತೆ ಇಲ್ಲ ಅಂತಲ್ಲ. ಬಿಸಿನೀರು ಹಾಕಿದರೆ ಹಿಡಿಯಲಾಗುವುದಿಲ್ಲ, ಒಮ್ಮೆ ಅಂಗೈ ಸುಟ್ಟಿದೆ. ತಣ್ಣೀರು ಹಾಕಿದರೆ ಹೊರಗೆಲ್ಲ ಬೆವರುತ್ತದೆ, ಕರವಸ್ತ್ರ ಸುತ್ತಬೇಕು. ಅಗಲ ಬಾಯಿಯಾದ್ದರಿಂದ ನಡೆಯುತ್ತಾ ಕುಡಿದರೆ ಗಲ್ಲದ ಮೇಲೆ ಇಳಿಯುತ್ತದೆ. ನಿಂತು ಕುಡಿಯುತ್ತೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ಹದಿಮೂರು ತಿಂಗಳಾಯಿತು, ಒಂದು ಹನಿ ಸೋರಿಲ್ಲ. ಆದರೂ ಪುಸ್ತಕದ ಗಾಡಿಯ ಮೇಲೆ ಇಡುವುದಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ, ಬೇರೆಯವರ ಬಾಟಲಿಗಳ ಸಾಲಿನಲ್ಲೇ ನಿಲ್ಲಿಸುತ್ತೇನೆ. ಎರಡು ನೆಗ್ಗು ಬಿದ್ದ ಹಳೆಯ ಬಾಟಲಿ ಮಗಳ ಪಾಲಾಗಿದೆ. ಅದಕ್ಕೂ ತಿರುಪಿನ ಮುಚ್ಚಳ ಹುಡುಕಿ ಹಾಕಿಕೊಟ್ಟಿದ್ದೇನೆ. ತಳದ ಕಂದು ಚುಕ್ಕೆಗಳನ್ನು ಸೋಡಾ ಹಾಕಿ ಉಜ್ಜಿ ತೆಗೆದದ್ದೂ ಆಯಿತು. ‘ಅಮ್ಮ, ಮೊದಲಿನ ಟಕ್ ಅನ್ನೋದೇ ಚೆನ್ನಾಗಿತ್ತು’ ಅಂತಾಳೆ ಅವಳು.