ಅನುಭವವಿಲ್ಲದವರಿಗೆ ವೆಂಚರ್ ಕ್ಯಾಪಿಟಲ್ ಕೋರ್ಸ್: ಚಿಕ್ಕಮಗಳೂರಿನಿಂದ ಒಂದು ವಿಮರ್ಶೆ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ (ಬೀಜ ಸಂಸ್ಕರಣೆ) ಸಂಸ್ಥೆಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿರುವ ನಾನು, ವೆಂಚರ್ ಕ್ಯಾಪಿಟಲ್ (ಹಲವರ ಹಣವನ್ನು ನಿಧಿಯಾಗಿ ಕೂಡಿಸಿ ಹೊಸ ಕಂಪನಿಗಳಲ್ಲಿ ಹೂಡುವ) ಕ್ಷೇತ್ರಕ್ಕೆ ಹೋಗುವ ಉದ್ದೇಶದಿಂದ, ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ವಾರಾಂತ್ಯಗಳಲ್ಲಿ ಆನ್‌ಲೈನ್ ಮೂಲಕ ನಡೆಸುವ ಕೋರ್ಸನ್ನು ಈಚೆಗೆ ಮುಗಿಸಿದೆ. ‘ಹಣಕಾಸು ಕ್ಷೇತ್ರದ ಅನುಭವ ಬೇಕಿಲ್ಲ’ ಎಂಬುದು ಅವರ ಜಾಹೀರಾತಿನ ಮುಖ್ಯ ಭರವಸೆ. ಕಲಿಯುವ ಮಟ್ಟಿಗೆ ಆ ಮಾತು ನಿಜ, ಕೆಲಸ ಸಿಗುವ ಮಟ್ಟಿಗೆ ಅಲ್ಲ.

ಪಾಠಗಳು ಅಚ್ಚುಕಟ್ಟಾಗಿವೆ. ಷೇರುಪೇಟೆ ನಿಯಂತ್ರಕ ಸೆಬಿ ಇಂಥ ನಿಧಿಗಳಿಗಾಗಿ ರೂಪಿಸಿದ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಾವಳಿ, ಪ್ರತಿ ಸುತ್ತಿನ ಹೂಡಿಕೆಯಲ್ಲೂ ಸಂಸ್ಥಾಪಕರ ಪಾಲು ಕರಗುವ ಲೆಕ್ಕ, ಹತ್ತಾರು ಹೂಡಿಕೆಗಳಲ್ಲಿ ಒಂದೆರಡೇ ಇಡೀ ನಿಧಿಯನ್ನು ದಡ ಸೇರಿಸುವ ಬಗೆ, ಇವೆಲ್ಲ ವಾಣಿಜ್ಯ ಓದದವರಿಗೂ ತಿಳಿಯುತ್ತವೆ.

ನಿಧಿ ನಡೆಸುವ ಸಂಸ್ಥೆಗೆ ವರ್ಷಕ್ಕೆ ನಿಧಿಯ ಸುಮಾರು ಶೇ 2ರಷ್ಟು ನಿರ್ವಹಣಾ ಶುಲ್ಕ, ಲಾಭದಲ್ಲಿ ಶೇ 20ರಷ್ಟು ಪಾಲು ಎಂಬ ರೂಢಿಯನ್ನೂ ಬೋಧಕರು ವಿವರಿಸಿದರು. ಆದರೆ ಉದ್ಯೋಗ ಹುಡುಕುವವನ ಪಾಲಿಗೆ ಆ ಲೆಕ್ಕದ ಅರ್ಥವೇನೆಂದು ಮಾತ್ರ ಹೇಳಲಿಲ್ಲ. 100 ಕೋಟಿ ರೂಪಾಯಿಯ ನಿಧಿ ನಡೆಸುವ ಸಂಸ್ಥೆಗೆ ವರ್ಷಕ್ಕೆ ಸಿಗುವುದು 2 ಕೋಟಿ. ಪಾಲುದಾರರ ಸಂಬಳ, ಕಚೇರಿ ಬಾಡಿಗೆ, ಪ್ರಯಾಣವೆಲ್ಲ ಅದರಲ್ಲೇ ನಡೆಯಬೇಕು, ಲಾಭದ ಪಾಲು ಕೈಗೆ ಬರಲು ಹಲವು ವರ್ಷ ಕಾಯಬೇಕು. ಹೀಗಾಗಿ ಇಂಥ ಸಂಸ್ಥೆಗಳು ಬೆರಳೆಣಿಕೆಯ ಜನರಿಂದಲೇ ನಡೆಯುತ್ತವೆ, ಹೊಸಬರನ್ನು ಕೂರಿಸಿಕೊಂಡು ಕಲಿಸುವ ವ್ಯವಧಾನ ಅಲ್ಲಿ ಕಡಿಮೆ. ‘ಉದ್ಯೋಗ ನೆರವು’ ಎಂದು ನಮಗೆ ಕಳುಹಿಸಿದ ಪಟ್ಟಿಯಲ್ಲಿನ ಹುದ್ದೆಗಳೂ ಬಹುತೇಕ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಅಥವಾ ಕನ್ಸಲ್ಟಿಂಗ್ ಅನುಭವವನ್ನೇ ಕೇಳುತ್ತಿದ್ದವು.

ಕೊಟ್ಟ ಹಣ ಸಾರ್ಥಕವೆನಿಸಿದ್ದು ಕೊನೆಯ ಅಭ್ಯಾಸದಲ್ಲಿ. ಕಂಪನಿಯೊಂದರಲ್ಲಿ ಹೂಡಬೇಕೇ ಬೇಡವೇ ಎಂದು ಟಿಪ್ಪಣಿ ಬರೆಯಬೇಕಿತ್ತು. ಹೆಚ್ಚಿನವರು ಪಾವತಿ ಆ್ಯಪ್‌ಗಳನ್ನು ಆರಿಸಿಕೊಂಡರೆ, ನಾನು ಕಾಫಿ ಒಣಗಿಸುವ ಕಣದಲ್ಲಿ ತೇವಾಂಶ ಅಳೆಯುವ ಉಪಕರಣದ ಕಾಲ್ಪನಿಕ ಕಂಪನಿಯೊಂದನ್ನು ಆರಿಸಿಕೊಂಡೆ. ಬಹುಪಾಲು ಬೆಳೆಗಾರರ ಹಿಡುವಳಿ 10 ಹೆಕ್ಟೇರಿಗಿಂತ ಕಡಿಮೆ ಇರುವಾಗ ಇದನ್ನು ಕೊಳ್ಳುವವರು ಯಾರು ಎಂದು ಬೋಧಕರು ಕೇಳಿದರು. ಬೆಳೆಗಾರನಲ್ಲ, ಮಾದರಿ ತೆಗೆದು ಔಟ್‌ಟರ್ನ್ (ಒಣಗಿದ ಕಾಫಿಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ನೋಡಿ ದರ ಕಟ್ಟುವ ಖರೀದಿದಾರನೇ ಕೊಳ್ಳಬೇಕಾದವನು ಎಂದು ನಾನು ವಾದಿಸಿದೆ. ಜೊತೆಗೆ, ಕೊಯ್ಲು ವರ್ಷಕ್ಕೊಮ್ಮೆ ಮಾತ್ರ. ಈ ಹಂಗಾಮಿನಲ್ಲಿ ಕಂಡ ದೋಷವನ್ನು ತಿದ್ದಿ ಮತ್ತೆ ಪರೀಕ್ಷಿಸಲು ಮುಂದಿನ ಕೊಯ್ಲಿನವರೆಗೆ ಕಾಯಬೇಕಾದ ಕಂಪನಿಗೆ, ಸಾಮಾನ್ಯವಾಗಿ 10 ವರ್ಷದ ಆಯುಷ್ಯವಿರುವ ನಿಧಿ ಒಗ್ಗುವುದೇ ಕಷ್ಟ ಎಂದೂ ಬರೆದಿದ್ದೆ. ಬೋಧಕರು ಆ ಭಾಗವನ್ನು ಟಿಪ್ಪಣಿಯ ಮೊದಲ ಪುಟಕ್ಕೆ ತರಿಸಿದರು. ನೇರ ಅನುಭವವಿಲ್ಲದವನ ಕೈಯಲ್ಲಿರುವ ಬಂಡವಾಳ ತನ್ನ ಕಸುಬಿನ ಇಂಥ ತಿಳಿವಳಿಕೆಯೇ. ಕೋರ್ಸು ಇಲ್ಲಿಂದಲೇ ಆರಂಭವಾಗಬೇಕಿತ್ತು ಎಂಬುದು ನನ್ನ ದೊಡ್ಡ ಆಕ್ಷೇಪ.

ಉದಾಹರಣೆಗಳೆಲ್ಲ ಅಮೆರಿಕದವು ಎಂಬುದು ಇನ್ನೊಂದು ಕೊರತೆ. ನಮ್ಮದೇ ಜಿಲ್ಲೆಯ ಕಾಫಿ ಬೆಳೆಗಾರರ ಮನೆತನದಿಂದ ಷೇರು ವ್ಯವಹಾರಕ್ಕೆ ಹೋದ ವಿ.ಜಿ. ಸಿದ್ಧಾರ್ಥ ಅವರು 1999ರಲ್ಲಿ ಆರಂಭವಾದ ಸಾಫ್ಟ್‌ವೇರ್ ಕಂಪನಿ ಮೈಂಡ್‌ಟ್ರೀಯ ಮೊದಲ ಹೂಡಿಕೆದಾರರಲ್ಲಿ ಒಬ್ಬರು. ತಮ್ಮ ಪಾಲನ್ನು ಎಲ್ ಆ್ಯಂಡ್ ಟಿಗೆ ಮಾರಿದ್ದು 2019ರಲ್ಲಿ. ಅಷ್ಟು ದೀರ್ಘಕಾಲ ಷೇರು ಹಿಡಿದಿಡುವ ಸ್ವಾತಂತ್ರ್ಯ ಅವಧಿ ನಿಗದಿಯಾದ ನಿಧಿಗೆ ಇರುವುದಿಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿರಲಿಲ್ಲ.

ಹಾಸನದ ಹೈನು ಉದ್ಯಮವಿರಲಿ, ನಮ್ಮ ಕಾಫಿಯಿರಲಿ, ಒಂದು ಕಸುಬನ್ನು ಒಳಗಿನಿಂದ ಬಲ್ಲವರು ಕೈಯಲ್ಲಿರುವ ನೌಕರಿ ಬಿಡದೆ ಇದನ್ನು ಕಲಿಯಬಹುದು. ಪ್ರಮಾಣಪತ್ರ ನಂಬಿ ರಾಜೀನಾಮೆ ಕೊಡುವ ಯೋಚನೆ ಇರುವವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಸೇರುವವರು ಟಿಪ್ಪಣಿಯ ಎರಡನೇ ಸುತ್ತಿನ ಪರಿಶೀಲನೆ ಶುಲ್ಕದಲ್ಲೇ ಸೇರಿದೆಯೇ ಎಂದು ಹಣ ಕಟ್ಟುವ ಮೊದಲು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಬೇಕು. ನಮ್ಮ ತಂಡಕ್ಕೆ ಅದಕ್ಕೆ ಪ್ರತ್ಯೇಕ ಶುಲ್ಕ ವಿಧಿಸಿದ್ದರು.